ಅಕ್ಕನ ಕೈ ಹಿಡಿದು ನಡೆದ ಗುಮಾಸ್ತ

ಲಂಡನ್ ನಗರದ ಹೊರವಲಯದಲ್ಲಿ ಹೊಲಗಳ ನಡುವೆ ಒಂದು ಕಾಲುದಾರಿ. ಆ ದಾರಿಯಲ್ಲಿ ಒಬ್ಬ ಗಂಡಸು, ಅವನಿಗಿಂತ ವಯಸ್ಸಿನಲ್ಲಿ ಹಿರಿಯಳಾದ ಒಬ್ಬ ಹೆಂಗಸು ಕೈ ಕೈ ಹಿಡಿದು ನಿಧಾನವಾಗಿ ನಡೆದು ಹೋಗುತ್ತಿದ್ದರು. ಇಬ್ಬರ ಕಣ್ಣುಗಳಲ್ಲೂ ನೀರು. ಎದುರಿಗೆ ಬಂದ ಗೆಳೆಯನೊಬ್ಬ ಅವರನ್ನು ಕಂಡ. ಎಲ್ಲಿಗೆ ಹೊರಟಿದ್ದೀರಿ ಎಂದು ಅವನು ಕೇಳಬೇಕಾಗಿರಲಿಲ್ಲ. ಆ ದಾರಿ ಹಾಕ್ಸ್‌ಟನ್ನಿನ ಹುಚ್ಚಾಸ್ಪತ್ರೆಗೆ ಹೋಗುತ್ತಿತ್ತು. ತಮ್ಮ ತನ್ನ ಅಕ್ಕನನ್ನು ಅಲ್ಲಿ ಬಿಟ್ಟುಬರಲು ಹೊರಟಿದ್ದ. ಕೆಲವು ವಾರಗಳ ನಂತರ ಅವನೇ ಹೋಗಿ ಆಕೆಯನ್ನು ಮರಳಿ ಮನೆಗೆ ಕರೆತರುವವನಿದ್ದ.

ಆ ತಮ್ಮನ ಹೆಸರು ಚಾರ್ಲ್ಸ್ ಲ್ಯಾಂಬ್. ಅಕ್ಕ ಮೇರಿ ಲ್ಯಾಂಬ್. ಇಂಗ್ಲಿಷ್ ಪಾಠವನ್ನು ಓದಿದ ಭಾರತೀಯರಿಗೆ ಈ ಎರಡು ಹೆಸರುಗಳು ಅಪರಿಚಿತವಲ್ಲ. ಷೇಕ್ಸ್‌ಪಿಯರನ ನಾಟಕಗಳನ್ನು ಮಕ್ಕಳಿಗಾಗಿ ಕಥೆಗಳ ರೂಪದಲ್ಲಿ ಬರೆದವರು ಇವರು. ನಮ್ಮ ಶಾಲೆಗಳಲ್ಲಿ ತಲೆಮಾರುಗಳ ಕಾಲ ಮಕ್ಕಳು ಹ್ಯಾಮ್ಲೆಟ್, ಪೋರ್ಷಿಯಾ, ಕಿಂಗ್ ಲಿಯರ್ ಮೊದಲಾದವರನ್ನು ಮೊದಲು ಭೇಟಿಯಾದದ್ದು ಈ ಅಕ್ಕ ತಮ್ಮಂದಿರ ಪುಸ್ತಕದ ಮೂಲಕವೇ. ಆದರೆ ಆ ಪುಸ್ತಕ ಯಾವ ಮನೆಯಲ್ಲಿ, ಯಾವ ಸಂಕಟದ ನಡುವೆ ಹುಟ್ಟಿತು ಎಂಬುದನ್ನು ಪಾಠ ಮಾಡಿದವರು ಹೇಳಿದ್ದು ಕಡಿಮೆ. ಮನೋರೋಗ ಒಂದು ಮನೆಗೆ ಕಾಲಿಟ್ಟಾಗ ಆ ಮನೆಯ ಎಳೆಯರ ಬದುಕು ಏನಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ವಿವರವಾಗಿ ದಾಖಲಾದ ಹಳೆಯ ಉತ್ತರಗಳು ಹೆಚ್ಚಿಲ್ಲ.

ಮನೆಯೊಳಗಿನ ಭಾರ

ಚಾರ್ಲ್ಸ್ ಹುಟ್ಟಿದ್ದು 1775ರ ಫೆಬ್ರವರಿ 10ರಂದು, ಲಂಡನ್ನಿನ ವಕೀಲರ ಕೇರಿಯಾದ ಇನ್ನರ್ ಟೆಂಪಲ್‌ನಲ್ಲಿ. ತಂದೆ ಜಾನ್ ಲ್ಯಾಂಬ್, ಸ್ಯಾಮ್ಯುಯೆಲ್ ಸಾಲ್ಟ್ ಎಂಬ ಹಿರಿಯ ವಕೀಲನ ಬಳಿ ಗುಮಾಸ್ತನಾಗಿಯೂ ಸೇವಕನಾಗಿಯೂ ಇದ್ದ. ಮೇರಿ ತಮ್ಮನಿಗಿಂತ ಹತ್ತು ವರ್ಷ ದೊಡ್ಡವಳು. ಎತ್ತಿ ಆಡಿಸಿದವಳು, ಅಕ್ಷರ ಕಲಿಸಿದವಳು ಅವಳೇ. ಇಬ್ಬರಿಗೂ ಹಿರಿಯನಾದ ಅಣ್ಣನೊಬ್ಬನಿದ್ದ. ತಂದೆಯ ಹೆಸರೇ ಅವನಿಗೂ. ಅವನು ಕೆಲಸಕ್ಕೆ ಸೇರಿ ಬೇರೆ ಮನೆ ಮಾಡಿಕೊಂಡಿದ್ದ.

ಮಾತಿನಲ್ಲಿ ಉಗ್ಗು ಇದ್ದ ಚಾರ್ಲ್ಸ್ ಏಳನೆಯ ವಯಸ್ಸಿಗೆ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಧರ್ಮಶಾಲೆಯಲ್ಲಿ ಓದಲು ಸೇರಿದ. ಮುಂದೆ ಮಹಾಕವಿಯಾದ ಕೋಲ್‌ರಿಜ್ ಅಲ್ಲಿ ಅವನ ಸಹಪಾಠಿ. ಕೋಲ್‌ರಿಜ್ ವಿಶ್ವವಿದ್ಯಾನಿಲಯಕ್ಕೆ ಹೋದ. ಚಾರ್ಲ್ಸ್ ಹದಿನಾಲ್ಕಕ್ಕೇ ಓದು ಬಿಟ್ಟು ದುಡಿಮೆಗೆ ನಿಲ್ಲಬೇಕಾಯಿತು. 1792ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತನಾಗಿ ಸೇರಿದ. ಅದೇ ವರ್ಷ ಆಶ್ರಯದಾತನಾದ ಸಾಲ್ಟ್ ತೀರಿಕೊಂಡ. ಕುಟುಂಬ ಟೆಂಪಲ್‌ನ ಮನೆ ಬಿಟ್ಟು ಬಾಡಿಗೆ ಕೋಣೆಗಳಿಗೆ ಬಂತು.

ಮುಂದಿನ ನಾಲ್ಕು ವರ್ಷಗಳಲ್ಲಿ ಆ ಮನೆಯ ಸ್ಥಿತಿ ಹೇಗಿತ್ತು ಎಂಬುದನ್ನು ಗಮನಿಸಬೇಕು. ತಂದೆಗೆ ಮುಪ್ಪಿನ ಮರೆವು. ತಾಯಿ ಹಾಸಿಗೆ ಹಿಡಿದಿದ್ದಳು. ವಯಸ್ಸಾದ ಸೋದರತ್ತೆ ಒಬ್ಬಳು. ಇವರೆಲ್ಲರ ಆರೈಕೆ ಮೇರಿಯ ಪಾಲಿಗೆ ಬಿದ್ದಿತ್ತು. ಹಗಲು ಹೆಂಗಸರ ಉಡುಪುಗಳನ್ನು ಹೊಲಿದು ನಾಲ್ಕು ಕಾಸು ಸಂಪಾದಿಸುವುದು, ರಾತ್ರಿ ತಾಯಿಯ ಪಕ್ಕದಲ್ಲಿ ಮಲಗಿ ನಿದ್ದೆಗೆಟ್ಟು ಅವಳ ಉಪಚಾರ ನೋಡುವುದು. ಅಷ್ಟಾದರೂ ತಾಯಿಯ ಪ್ರೀತಿ ಹಿರಿಯ ಮಗನ ಕಡೆಗೇ ಹೆಚ್ಚಾಗಿತ್ತೆಂದು, ಮಗಳ ಮನಸ್ಸು ಆಕೆಗೆ ಎಂದೂ ಅರ್ಥವಾಗಲಿಲ್ಲವೆಂದು ಚಾರ್ಲ್ಸ್ ನಂತರ ಪತ್ರವೊಂದರಲ್ಲಿ ಬರೆದುಕೊಂಡಿದ್ದಾನೆ. ಮೇರಿ ರೋಗಿಯಾಗುವ ಮುನ್ನ ರೋಗಿಗಳನ್ನು ನೋಡಿಕೊಳ್ಳುವವಳಾಗಿದ್ದಳು. ಈ ಸಂಗತಿಯನ್ನು ಅವಳ ಕಥೆ ಹೇಳುವವರು ಎಷ್ಟೋ ಸಲ ಮರೆಯುತ್ತಾರೆ.

ಆ ಮನೆಯಲ್ಲಿ ಮೊದಲು ಮನಸ್ಸಿನ ಆಯ ತಪ್ಪಿದ್ದು ಚಾರ್ಲ್ಸನಿಗೆ. 1795ರ ಕೊನೆ ಮತ್ತು 1796ರ ಆರಂಭದಲ್ಲಿ ಅವನು ಆರು ವಾರ ಹಾಕ್ಸ್‌ಟನ್ನಿನ ಹುಚ್ಚಾಸ್ಪತ್ರೆಯಲ್ಲಿದ್ದ. ಗುಣವಾಗಿ ಹೊರಬಂದ ಮೇಲೆ ಈ ವಿಷಯವನ್ನು ಕೋಲ್‌ರಿಜ್‌ಗೆ ತಮಾಷೆಯ ಧಾಟಿಯಲ್ಲೇ ತಿಳಿಸಿದ. ಮತ್ತೆ ಎಂದೂ ಅವನಿಗೆ ಆ ತೊಂದರೆ ಬರಲಿಲ್ಲ. ಆದರೆ ಬೀಗ ಹಾಕಿದ ಬಾಗಿಲಿನ ಒಳಗಡೆ ಹೇಗಿರುತ್ತದೆ ಎಂಬುದನ್ನು ಅವನು ಸ್ವತಃ ಕಂಡಿದ್ದ. ಮುಂದೆ ಅವನು ಕೈಗೊಂಡ ತೀರ್ಮಾನದ ಹಿಂದೆ ಈ ಅನುಭವವೂ ಇತ್ತೆನ್ನಬಹುದು.

1796ರ ಸೆಪ್ಟೆಂಬರ್ 22

ಆ ಸೆಪ್ಟೆಂಬರಿನಲ್ಲಿ ಮೇರಿಯ ನಡವಳಿಕೆಯಲ್ಲಿ ಬದಲಾವಣೆ ಕಂಡಿತು. ಅಂದಿನ ಪತ್ರಿಕಾ ವರದಿಯ ಪ್ರಕಾರ 22ರ ಬೆಳಗ್ಗೆ ಸೋದರನು ಡಾ. ಪಿಟ್‌ಕೇರ್ನ್ ಎಂಬ ವೈದ್ಯನನ್ನು ಹುಡುಕಿಕೊಂಡು ಹೋದ. ವೈದ್ಯ ಮನೆಯಲ್ಲಿರಲಿಲ್ಲ. ಅಂದು ಊಟಕ್ಕೆ ಸಿದ್ಧತೆ ನಡೆದಿದ್ದಾಗ ಮೇರಿ ಮೇಜಿನ ಮೇಲಿದ್ದ ಚಾಕುವನ್ನು ಎತ್ತಿಕೊಂಡು, ಹೊಲಿಗೆ ಕಲಿಯಲು ಬಂದಿದ್ದ ಹುಡುಗಿಯನ್ನು ಅಟ್ಟಿಸಿಕೊಂಡು ಹೋದಳು. ತಡೆಯಲು ಕೂಗಿಕೊಂಡ ತಾಯಿಯ ಎದೆಗೆ ಚಾಕು ಇರಿಯಿತು. ತಂದೆಯ ಹಣೆಗೆ ಗಾಯವಾಯಿತು. ಓಡಿಬಂದ ಚಾರ್ಲ್ಸ್ ಅಕ್ಕನ ಕೈಯಿಂದ ಚಾಕುವನ್ನು ಕಿತ್ತುಕೊಂಡ. ಅಷ್ಟರಲ್ಲಿ ತಾಯಿಯ ಪ್ರಾಣ ಹೋಗಿತ್ತು. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಸಾವಿನ ತನಿಖೆ ನಡೆಸಿದ ಅಧಿಕಾರಿ ಮತ್ತು ಪಂಚರು ಇದು ಚಿತ್ತಭ್ರಮಣೆಯಲ್ಲಿ ನಡೆದ ಕೃತ್ಯವೆಂದು ತೀರ್ಪಿತ್ತರು. ಮೇರಿಯನ್ನು ಇಸ್ಲಿಂಗ್ಟನ್ನಿನ ಖಾಸಗಿ ಹುಚ್ಚಾಸ್ಪತ್ರೆಯೊಂದಕ್ಕೆ ಸೇರಿಸಲಾಯಿತು. ಐದು ದಿನಗಳ ನಂತರ ಚಾರ್ಲ್ಸ್ ಕೋಲ್‌ರಿಜ್‌ಗೆ ಬರೆದ ಪತ್ರ ಇಂಗ್ಲಿಷ್ ಸಾಹಿತ್ಯದ ಪ್ರಸಿದ್ಧ ಪತ್ರಗಳಲ್ಲೊಂದು. ನಡೆದದ್ದನ್ನು ಅದರಲ್ಲಿ ಕೆಲವೇ ಸಾಲುಗಳಲ್ಲಿ ಹೇಳಿದ್ದಾನೆ. ಇನ್ನು ಮೇಲೆ ತನ್ನೊಡನೆ ಕಾವ್ಯದ ಮಾತೆತ್ತಬೇಡವೆಂದು ಗೆಳೆಯನನ್ನು ಕೇಳಿಕೊಂಡಿದ್ದಾನೆ. ತಾನು ಬರೆದಿಟ್ಟುಕೊಂಡಿದ್ದ ಕವಿತೆಗಳನ್ನೂ ಅವನು ನಾಶ ಮಾಡಿದ. ಮನೆಯ ಜವಾಬ್ದಾರಿಯ ಮುಂದೆ ಅಂಥ ಆಸೆಗಳಿಗೆ ಜಾಗವಿಲ್ಲವೆಂದು ಆ ತರುಣ ನಿರ್ಧರಿಸಿಬಿಟ್ಟಿದ್ದ.

ಕೆಲವೇ ದಿನಗಳಲ್ಲಿ ಮೇರಿಗೆ ಪ್ರಜ್ಞೆ ತಿಳಿಯಾಯಿತು. ನಡೆದದ್ದೆಲ್ಲ ಅವಳಿಗೆ ಅರ್ಥವಾಯಿತು. ಮುಂದೇನು ಎಂಬ ಪ್ರಶ್ನೆ ಆಗ ಎದ್ದಿತು. ಅವಳು ಜೀವನಪೂರ್ತಿ ಆಸ್ಪತ್ರೆಯಲ್ಲಿರುವುದೇ ಕ್ಷೇಮವೆಂದು ಅಣ್ಣ ಜಾನನ ಅಭಿಪ್ರಾಯ. ಇದನ್ನು ಕಲ್ಲೆದೆಯ ಮಾತೆಂದು ತಳ್ಳಿಹಾಕುವುದು ಸುಲಭ. ಆದರೆ ಒಂದು ಕೊಲೆ ನಡೆದುಹೋಗಿದ್ದ ಮನೆಯಲ್ಲಿ ಅಂಥ ಭಯ ಸಹಜವೇ ಆಗಿತ್ತು. ಚಾರ್ಲ್ಸ್ ಒಪ್ಪಲಿಲ್ಲ. ಅಂದಿನ ಸಾರ್ವಜನಿಕ ಹುಚ್ಚಾಸ್ಪತ್ರೆಗಳ ಹೆಸರೇ ಜನರನ್ನು ನಡುಗಿಸುತ್ತಿತ್ತು. ಲಂಡನ್ನಿನ ಬೆತ್ಲೆಮ್ ಆಸ್ಪತ್ರೆಯಲ್ಲಿ ಜೇಮ್ಸ್ ನಾರಿಸ್ ಎಂಬ ರೋಗಿಯನ್ನು ಹತ್ತು ವರ್ಷಕ್ಕೂ ಮೇಲ್ಪಟ್ಟು ಕಬ್ಬಿಣದ ಸರಪಳಿಯಲ್ಲಿ ಕಟ್ಟಿಹಾಕಿದ್ದು 1814ರಲ್ಲಿ ಬೆಳಕಿಗೆ ಬಂತು. ಖಾಸಗಿ ಆಸ್ಪತ್ರೆಗಳ ಮೇಲೆ 1774ರ ಕಾಯ್ದೆಯಂತೆ ಪರವಾನಗಿ ಮತ್ತು ತಪಾಸಣೆಯ ನಿಯಮವಿತ್ತಾದರೂ ಅದು ಹೆಸರಿಗಷ್ಟೇ ಎಂಬಂತಿತ್ತು. ರೋಗಿಗಳನ್ನು ಸರಪಳಿಯಿಲ್ಲದೆ, ಮರ್ಯಾದೆಯಿಂದ ನೋಡಿಕೊಳ್ಳುವ ಪ್ರಯೋಗವೊಂದು ಅದೇ 1796ರಲ್ಲಿ ಯಾರ್ಕ್ ಪಟ್ಟಣದಲ್ಲಿ, ವಿಲಿಯಂ ಟ್ಯೂಕ್ ಎಂಬ ವರ್ತಕನ ಪ್ರಯತ್ನದಿಂದ ಆಗಷ್ಟೇ ಶುರುವಾಗಿತ್ತು.

ಚಾರ್ಲ್ಸ್ ಭಾವುಕನಾಗಿ ಮಾತ್ರ ಯೋಚಿಸಲಿಲ್ಲ. ಗುಮಾಸ್ತನಂತೆ ಲೆಕ್ಕ ಹಾಕಿದ. ಮನೆಯ ಒಟ್ಟು ವರಮಾನ ವರ್ಷಕ್ಕೆ 170ರಿಂದ 180 ಪೌಂಡ್. ಅದರಲ್ಲಿ 50 ಅಥವಾ 60 ಪೌಂಡ್ ತೆಗೆದಿಟ್ಟರೆ ಅಕ್ಕನನ್ನು ಒಳ್ಳೆಯ ಜಾಗದಲ್ಲಿ ಇರಿಸಬಹುದು. ಉಳಿದದ್ದರಲ್ಲಿ ತಾನು, ತಂದೆ, ಅತ್ತೆ ಬದುಕಬಹುದು. ಈ ಲೆಕ್ಕವೂ ಪತ್ರದಲ್ಲಿದೆ. 1797ರಲ್ಲಿ ಅವಳನ್ನು ಆಸ್ಪತ್ರೆಯಿಂದ ಬಿಡಿಸಿ ಹ್ಯಾಕ್ನಿಯಲ್ಲಿ ಒಂದು ಕೋಣೆ ಮಾಡಿಕೊಟ್ಟ. ಜೀವಮಾನಪರ್ಯಂತ ತಾನು ಅವಳನ್ನು ನೋಡಿಕೊಳ್ಳುವುದಾಗಿ ಮಾತು ಕೊಟ್ಟ. ತಂದೆ ಬದುಕಿರುವವರೆಗೆ ಅವಳನ್ನು ಮನೆಗೆ ತರುವಂತಿರಲಿಲ್ಲ. ಸಂಜೆ ಕಚೇರಿಯಿಂದ ಬಂದು ಮರೆವಿನ ಮುದುಕನೊಡನೆ ಇಸ್ಪೀಟು ಆಡುವುದು, ರಜೆಯಲ್ಲಿ ಅಕ್ಕನನ್ನು ನೋಡಿಬರುವುದು, ಹೀಗೆ ಎರಡು ವರ್ಷ ಕಳೆಯಿತು. 1799ರಲ್ಲಿ ತಂದೆ ತೀರಿಕೊಂಡ ಮೇಲೆ ಮೇರಿ ತಮ್ಮನ ಮನೆಗೆ ಬಂದಳು.

ಇದು ಸಾಧ್ಯವಾದದ್ದು ಅಂದಿನ ಕಾನೂನಿನಲ್ಲಿದ್ದ ಅವಕಾಶದಿಂದ. 1800ರ ಮೇ ತಿಂಗಳಲ್ಲಿ ಜೇಮ್ಸ್ ಹ್ಯಾಡ್‌ಫೀಲ್ಡ್ ಎಂಬಾತ ನಾಟಕಶಾಲೆಯಲ್ಲಿ ದೊರೆ ಮೂರನೆಯ ಜಾರ್ಜ್‌ನತ್ತ ಗುಂಡು ಹಾರಿಸಿದ. ಬುದ್ಧಿಭ್ರಮಣೆಯ ಕಾರಣ ಅವನು ನಿರಪರಾಧಿಯೆಂದು ತೀರ್ಪಾಯಿತು. ಕೂಡಲೇ ಪಾರ್ಲಿಮೆಂಟು ಹೊಸ ಕಾಯ್ದೆ ಮಾಡಿ, ಹೀಗೆ ಬಿಡುಗಡೆಯಾದವರನ್ನು ಅನಿರ್ದಿಷ್ಟ ಕಾಲ ಬಂಧನದಲ್ಲಿಡಲು ಅವಕಾಶ ಕಲ್ಪಿಸಿತು. ಮೇರಿಯ ಪ್ರಕರಣ ನಾಲ್ಕು ವರ್ಷ ತಡವಾಗಿ ನಡೆದಿದ್ದರೆ ಅವಳು ಮನೆಯ ಮುಖ ಕಾಣುವುದು ಕಷ್ಟವಿತ್ತು.

ಊರಿನ ಕಣ್ಣು

ಕಾಯಿಲೆ ಒಂದು ಸಲ ಬಂದು ಹೋಗುವಂಥದ್ದಾಗಿರಲಿಲ್ಲ. ಮುಂದಿನ ಮೂರೂವರೆ ದಶಕಗಳಲ್ಲಿ ಹೆಚ್ಚುಕಡಿಮೆ ವರ್ಷಕ್ಕೊಮ್ಮೆಯಾದರೂ ಅದು ಮರಳಿತು. ಕೆಲವು ವಾರ, ಕೆಲವೊಮ್ಮೆ ತಿಂಗಳುಗಳ ಕಾಲ ಮೇರಿ ಮನೆ ಬಿಟ್ಟಿರಬೇಕಾಗುತ್ತಿತ್ತು. ಉಳಿದ ದಿನಗಳಲ್ಲಿ ಅವಳು ಶಾಂತ ಸ್ವಭಾವದ, ವಿವೇಕವಂತ ಹೆಂಗಸು. ಅವಳ ಬುದ್ಧಿವಂತಿಕೆಯನ್ನು ಗೆಳೆಯರೆಲ್ಲ ಮೆಚ್ಚುತ್ತಿದ್ದರು.

ಕಾಯಿಲೆಗಿಂತ ಮೊದಲು ಅವರನ್ನು ಕಾಡಿದ್ದು ನೆರೆಹೊರೆಯವರ ಬಾಯಿ. ಪೆಂಟನ್‌ವಿಲ್‌ನಲ್ಲಿ ವಾಸವಿದ್ದಾಗ ಸುದ್ದಿ ಹರಡಿ ಮನೆ ಬಿಡಬೇಕಾಯಿತು. ತಾವು ಗುರುತು ಹಚ್ಚಿಸಿಕೊಂಡವರಂತೆ ಆಗಿದ್ದೇವೆಂದು 1800ರಲ್ಲಿ ಚಾರ್ಲ್ಸ್ ಗೆಳೆಯನಿಗೆ ಬರೆದ. ಕಡೆಗೆ ಅವರು ಹಿಂದಿರುಗಿದ್ದು ಹುಟ್ಟಿದ ಕೇರಿಯಾದ ಟೆಂಪಲ್‌ಗೆ. ಜನಸಂದಣಿಯ ನಡುವೆ ಯಾರಿಗೂ ಯಾರ ಗೊಡವೆಯೂ ಇಲ್ಲದ ಪಟ್ಟಣದ ಗದ್ದಲವೇ ಅವರಿಗೆ ಆಸರೆಯಾಯಿತು. ಹಳ್ಳಿಯ ಪ್ರಶಾಂತಿಯನ್ನು ಹಾಡಿದ ವರ್ಡ್ಸ್‌ವರ್ತ್‌ನ ಸ್ನೇಹಿತನಾಗಿದ್ದೂ ಲ್ಯಾಂಬ್ ಲಂಡನ್ನಿನ ಬೀದಿಗಳನ್ನು ಅಷ್ಟೊಂದು ಪ್ರೀತಿಸಿದ್ದಕ್ಕೆ ಇದೂ ಒಂದು ಕಾರಣವಿರಬಹುದು.

ಅಕ್ಕ ತಮ್ಮಂದಿರು ಕಾಯಿಲೆಯ ಮುನ್ಸೂಚನೆಗಳನ್ನು ಗುರುತಿಸಲು ಕಲಿತರು. ನಿದ್ದೆ ಕೆಡುವುದು, ಮಾತು ಹೆಚ್ಚಾಗುವುದು, ಸಣ್ಣ ವಿಷಯಕ್ಕೂ ತಳಮಳ. ಇವು ಕಂಡ ಕೂಡಲೇ ಚಾರ್ಲ್ಸ್ ಕಚೇರಿಗೆ ರಜೆ ಹೇಳಿ ಅವಳನ್ನು ಹಾಕ್ಸ್‌ಟನ್ನಿಗೆ ಕರೆದೊಯ್ಯುತ್ತಿದ್ದ. ಪರಸ್ಥಳಕ್ಕೆ ಪ್ರವಾಸ ಹೋಗುವಾಗ ರೋಗಿಯ ಕೈಗಳನ್ನು ಕಟ್ಟಿಡುವ ಉದ್ದ ತೋಳಿನ ಅಂಗಿಯೊಂದು ಸಾಮಾನಿನ ಜೊತೆ ಇರುತ್ತಿತ್ತು. ಅದನ್ನು ಮಡಿಸಿ ಪೆಟ್ಟಿಗೆಗೆ ಇಡುತ್ತಿದ್ದವಳು ಮೇರಿಯೇ ಎಂದು ಅವರ ಸ್ನೇಹಿತ ಪ್ರಾಕ್ಟರ್ ದಾಖಲಿಸಿದ್ದಾನೆ. ಕೇಳಲು ಕರುಳು ಚುರ್ರೆನ್ನುವ ವಿವರವಿದು. ಆದರೆ ಇದರಲ್ಲಿ ಇನ್ನೊಂದು ಅರ್ಥವೂ ಇದೆ. ಬುದ್ಧಿ ಸ್ಥಿಮಿತದಲ್ಲಿರುವಾಗಲೇ ತನ್ನ ಕೆಟ್ಟ ಕಾಲಕ್ಕೆ ಏನು ಮಾಡಬೇಕೆಂದು ಅವಳು ತೀರ್ಮಾನಿಸಿದ್ದಳು. ಆ ತೀರ್ಮಾನ ತಮ್ಮನೊಬ್ಬನದೇ ಆಗಿರಲಿಲ್ಲ.

1807ರಲ್ಲಿ ಷೇಕ್ಸ್‌ಪಿಯರ್ ಕಥೆಗಳ ಪುಸ್ತಕ ಹೊರಬಂತು. ಅದರಲ್ಲಿನ ಇಪ್ಪತ್ತು ಕಥೆಗಳಲ್ಲಿ ಹದಿನಾಲ್ಕನ್ನು ಬರೆದವಳು ಮೇರಿ. ದುರಂತ ನಾಟಕಗಳ ಆರು ಕಥೆಗಳು ಮಾತ್ರ ಚಾರ್ಲ್ಸನವು. ಒಂದೇ ಮೇಜಿನ ಎರಡು ಬದಿಗೆ ಕುಳಿತು ಇಬ್ಬರೂ ಬರೆಯುತ್ತಿದ್ದರು. ಪುಸ್ತಕದ ಮುಖಪುಟದಲ್ಲಿ ಮಾತ್ರ ಚಾರ್ಲ್ಸನ ಹೆಸರೊಂದೇ ಇತ್ತು. ಮೇರಿಯ ಹೆಸರು ಅಚ್ಚಾಗಲು ಮೂರು ದಶಕ ಕಾಯಬೇಕಾಯಿತು. 1815ರಲ್ಲಿ ಅವಳು ಗುಪ್ತನಾಮದಲ್ಲಿ ಹೊಲಿಗೆಯ ಬಗ್ಗೆ ಒಂದು ಲೇಖನ ಬರೆದಳು. ಮನೆಯ ಹೆಂಗಸರು ಬಿಡುವಿಲ್ಲದೆ ಮಾಡುವ ಈ ಕೆಲಸಕ್ಕೆ ಬೆಲೆಯೇ ಇಲ್ಲ, ಅದನ್ನು ಸಂಬಳದ ವೃತ್ತಿಯನ್ನಾಗಿ ಕಾಣಬೇಕು ಎಂಬುದು ಅದರ ವಾದ. ಹೊಲಿಗೆಯ ಸೂಜಿ ಮತ್ತು ರೋಗಿಯ ಮಂಚ ಇವೆರಡರ ನಡುವೆ ಯೌವನ ಕಳೆದವಳ ಮಾತು ಅದು.

ಲೆಕ್ಕದ ಪುಸ್ತಕ, ಟಿಪ್ಪುವಿನ ಹುಲಿ

ಚಾರ್ಲ್ಸ್ ಮೂವತ್ತಮೂರು ವರ್ಷ ಲೆಡನ್‌ಹಾಲ್ ಬೀದಿಯ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಚಹಾ, ನೀಲಿ, ಬಟ್ಟೆಗಳ ಮಾರಾಟದ ಲೆಕ್ಕ ಬರೆದ. ಕನ್ನಡನಾಡಿನ ಮಟ್ಟಿಗೆ ಆ ಕಟ್ಟಡಕ್ಕೊಂದು ನಂಟಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕಂಪನಿಯ ಸೈನ್ಯಕ್ಕೆ ಸಿಕ್ಕಿದ, ಬಿಳಿಯನ ಮೇಲೆ ಎರಗಿದ ಮರದ ಹುಲಿಯನ್ನು 1808ರಿಂದ ಜನರ ವೀಕ್ಷಣೆಗೆ ಇಟ್ಟಿದ್ದು ಅಲ್ಲಿಯೇ. ಅಪ್ಪನನ್ನು ಮಣ್ಣು ಮಾಡಿ ಚಾರ್ಲ್ಸ್ ಅಕ್ಕನನ್ನು ಮನೆಗೆ ಕರೆತಂದ ವರ್ಷವೇ ಟಿಪ್ಪು ಮಡಿದದ್ದು. ಮೈಸೂರಿನಂಥ ರಾಜ್ಯಗಳನ್ನು ನುಂಗಿದ ಕಂಪನಿಯ ಸಂಬಳದಿಂದಲೇ ಆ ಮನೆಯ ಔಷಧೋಪಚಾರ ನಡೆಯಿತು ಎಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ತಮ್ಮನ ತ್ಯಾಗವನ್ನು ಹೊಗಳಿದವರು ಬಹಳ ಜನ. ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚಾರ್ಲ್ಸ್ ಮದುವೆಯಾಗಲಿಲ್ಲ. 1819ರಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಫ್ಯಾನಿ ಕೆಲ್ಲಿ ಎಂಬ ನಟಿಗೆ ಮದುವೆಯ ಪ್ರಸ್ತಾಪ ಮಾಡಿ ಪತ್ರ ಬರೆದ. ಅವಳು ಅದೇ ದಿನ ಗೌರವದಿಂದಲೇ ನಿರಾಕರಿಸಿದಳು. ಆ ಮನೆಯ ಮಾನಸಿಕ ಅನಿಶ್ಚಯದೊಳಗೆ ಕಾಲಿಡಲು ಅವಳಿಗೆ ಧೈರ್ಯವಾಗಲಿಲ್ಲ. ಚಾರ್ಲ್ಸನಿಗೆ ಕುಡಿತದ ಅಭ್ಯಾಸ ಅಂಟಿತ್ತು. ಅಕ್ಕ ಆಸ್ಪತ್ರೆಯಲ್ಲಿರುವಾಗ ಖಾಲಿ ಮನೆಯಲ್ಲಿ ಒಬ್ಬನೇ ಕೂರಲಾರದೆ ತೊಳಲುತ್ತಿದ್ದ. ಅವಳು ಚೆನ್ನಾಗಿದ್ದಾಗ ಅವನ ಊಟ, ನಿದ್ದೆ, ಕುಡಿತಗಳ ಮೇಲೆ ಕಣ್ಣಿಟ್ಟವಳು ಅವಳೇ. ಯಾರು ಯಾರನ್ನು ನೋಡಿಕೊಂಡರು ಎಂದು ಗೆರೆ ಎಳೆದು ಹೇಳುವುದು ಸುಲಭವಲ್ಲ.

1820ರಿಂದ 'ಎಲಿಯಾ' ಎಂಬ ಹೆಸರಿನಲ್ಲಿ ಅವನು ಬರೆದ ಪ್ರಬಂಧಗಳು ಅವನಿಗೆ ಶಾಶ್ವತ ಕೀರ್ತಿ ತಂದವು. ನಗೆ, ನೆನಪು, ಕಣ್ಣೀರು ಬೆರೆತ ಆ ಬರಹಗಳಲ್ಲಿ ಬ್ರಿಜೆಟ್ ಎಂಬ ಹೆಸರಿನ ಸೋದರಸಂಬಂಧಿಯಾಗಿ ಕಾಣಿಸಿಕೊಳ್ಳುವವಳು ಮೇರಿ. ಹುಟ್ಟದೇ ಹೋದ ಮಕ್ಕಳೊಡನೆ ಮಾತಾಡುವ ಪ್ರಬಂಧವೊಂದು ಅವುಗಳಲ್ಲಿದೆ. ಕಾಲೇಜುಗಳಲ್ಲಿ ಅದನ್ನು ಓದಿದವರು ಅದರ ವಿಷಾದವನ್ನು ಮರೆತಿರಲಾರರು. ಮನೆಯ ಗುಟ್ಟನ್ನು ಮಾತ್ರ ಎಲಿಯಾ ಎಲ್ಲಿಯೂ ಬಿಟ್ಟುಕೊಡಲಿಲ್ಲ.

ಆ ಮನೆಯಲ್ಲಿ ಇನ್ನೊಂದು ಎಳೆಯ ಜೀವವೂ ಇತ್ತು. ಎಮ್ಮಾ ಇಸೋಲಾ ಎಂಬ ತಬ್ಬಲಿ ಹುಡುಗಿಯನ್ನು ಅಕ್ಕ ತಮ್ಮಂದಿರು ಸಾಕಿಕೊಂಡಿದ್ದರು. ಚಾರ್ಲ್ಸ್ ಅವಳಿಗೆ ಲ್ಯಾಟಿನ್ ಹೇಳಿಕೊಟ್ಟ. 1833ರಲ್ಲಿ ಎಮ್ಮಾ ಪ್ರಕಾಶಕ ಎಡ್ವರ್ಡ್ ಮಾಕ್ಸನ್‌ನನ್ನು ಮದುವೆಯಾದ ದಿನ ಮೇರಿ ಕಾಯಿಲೆಯ ನಡುವಿನಲ್ಲಿದ್ದಳು. ನಗು, ಪುಸ್ತಕ, ಅತಿಥಿಗಳಿಂದ ತುಂಬಿದ್ದ ಮನೆ ಇದ್ದಕ್ಕಿದ್ದಂತೆ ಮೌನವಾಗುವುದನ್ನು ನೋಡುತ್ತ ಬೆಳೆದವಳು ಎಮ್ಮಾ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಿದಂತಿಲ್ಲ. ಇಂಥ ಮನೆಗಳಲ್ಲಿ ಮಕ್ಕಳನ್ನು ಕೇಳುವ ರೂಢಿ ಅಂದೂ ಇರಲಿಲ್ಲ, ಬಹುಕಾಲದವರೆಗೆ ಎಲ್ಲಿಯೂ ಬರಲಿಲ್ಲ.

1834ರ ಡಿಸೆಂಬರಿನಲ್ಲಿ ಎಡ್ಮಂಟನ್ ರಸ್ತೆಯಲ್ಲಿ ಎಡವಿ ಬಿದ್ದ ಚಾರ್ಲ್ಸನ ಮುಖಕ್ಕೆ ಗಾಯವಾಯಿತು. ಗಾಯ ವಿಷವೇರಿ 27ರಂದು ಅವನು ತೀರಿಕೊಂಡ. ಅಕ್ಕನಿಗಿಂತ ತಾನು ಮುಂಚೆ ಹೋದರೆ ಗತಿಯೇನು ಎಂಬ ಚಿಂತೆ ಅವನನ್ನು ಮೊದಲಿನಿಂದಲೂ ಕೊರೆದಿತ್ತು. ನಡೆದದ್ದೂ ಹಾಗೆಯೇ. ಮೇರಿ ಇನ್ನೂ ಹನ್ನೆರಡು ವರ್ಷ ಬದುಕಿದ್ದು 1847ರ ಮೇ 20ರಂದು, ಎಂಬತ್ತೆರಡನೆಯ ವಯಸ್ಸಿನಲ್ಲಿ, ತೀರಿಕೊಂಡಳು. ಎಡ್ಮಂಟನ್ನಿನ ಚರ್ಚಿನ ಅಂಗಳದಲ್ಲಿ ತಮ್ಮನ ಸಮಾಧಿಯಲ್ಲೇ ಅವಳನ್ನೂ ಇಟ್ಟರು. ಗೆಳೆಯರು ಕೊನೆಯವರೆಗೂ ಗುಟ್ಟು ಕಾಪಾಡಿದರು. 1837ರಲ್ಲಿ ಲ್ಯಾಂಬ್‌ನ ಪತ್ರಗಳನ್ನು ಪ್ರಕಟಿಸಿದ ಟಾಲ್‌ಫೋರ್ಡ್ ಆ ಸೆಪ್ಟೆಂಬರಿನ ಸಂಗತಿಯನ್ನು ಮುಚ್ಚಿಟ್ಟಿದ್ದ. ಮೇರಿ ತೀರಿಕೊಂಡ ಮರುವರ್ಷ, 1848ರಲ್ಲಿ, ಹೊರತಂದ ಎರಡನೆಯ ಪುಸ್ತಕದಲ್ಲಷ್ಟೇ ಎಲ್ಲವನ್ನೂ ಹೇಳಿದ. ಎಲಿಯಾನ ನಗೆಯನ್ನು ಹಗುರವೆಂದು ತಿಳಿದಿದ್ದ ಓದುಗರು ಆ ಪುಟಗಳನ್ನು ಮತ್ತೆ ತೆರೆದು ನೋಡಬೇಕಾಯಿತು.

ನನ್ನ ನಂತರ ಯಾರು?

ಮೇರಿ ಕಣ್ಮುಚ್ಚಿದ 1847ರಲ್ಲೇ ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆಯೊಂದು ಆರಂಭವಾಯಿತು. ಅದೇ ಮುಂದೆ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ರೋಗಿಯನ್ನು ಮನೆಯವರಿಂದ ಬೇರ್ಪಡಿಸುವುದೇ ಚಿಕಿತ್ಸೆ ಎಂಬ ನಂಬಿಕೆ ಇಂಗ್ಲೆಂಡಿನಿಂದ ನಮ್ಮಲ್ಲಿಗೂ ಬಂದಿತ್ತು. ಅದನ್ನು ಮೊದಲು ಮುರಿದವರು ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್. 1950ರ ದಶಕದಲ್ಲಿ ಅವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ ರೋಗಿಗಳ ಬಂಧುಗಳನ್ನೂ ಜೊತೆಯಲ್ಲೇ ಉಳಿಸಿಕೊಂಡರು. ರೋಗಿಗಳು ಬೇಗ ಚೇತರಿಸಿಕೊಂಡರು. ಮನೆಯವರು ಕಾಯಿಲೆಯೆಂದರೇನೆಂದು ಕಲಿತು ಹಿಂದಿರುಗಿದರು. ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬದವರು ಜೊತೆಗಿರುವ ವಾರ್ಡುಗಳು ಬಂದವು.

ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆರೋಗ್ಯವಾಗಿರುವಾಗಲೇ ವ್ಯಕ್ತಿಯು ತನ್ನ ಮುಂದಿನ ಚಿಕಿತ್ಸೆ ಹೇಗಿರಬೇಕೆಂದು ಬರೆದಿಡಲು, ತನ್ನ ಪರವಾಗಿ ಮಾತಾಡುವವರನ್ನು ಹೆಸರಿಸಲು ಅವಕಾಶ ಕೊಟ್ಟಿದೆ. ಪೆಟ್ಟಿಗೆ ಕಟ್ಟುತ್ತಿದ್ದ ಮೇರಿ ಯಾವ ಕಾಯ್ದೆಯ ಬಲವೂ ಇಲ್ಲದೆ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಬ್ರಿಟನ್ನಿನಲ್ಲಿ 2014ರ ಕಾಯ್ದೆಯೊಂದು ಮನೆಯ ರೋಗಿಯನ್ನು ನೋಡಿಕೊಳ್ಳುವ ಎಳೆಯರಿಗೆ ಏನು ನೆರವು ಬೇಕೆಂದು ಸ್ಥಳೀಯ ಆಡಳಿತ ವಿಚಾರಿಸಬೇಕೆಂದು ಹೇಳಿತು. ಎಮ್ಮಾಳಂಥ ಮಕ್ಕಳನ್ನು ಕಾನೂನು ಕಣ್ಣೆತ್ತಿ ನೋಡಲು ಇಷ್ಟು ಕಾಲ ಹಿಡಿಯಿತು.

ನಮ್ಮ ಮನೆಗಳಲ್ಲಿ ಇಂದಿಗೂ ಶಾಲೆಗೆ ಹೋಗುವ ಹುಡುಗಿ ತಾಯಿಗೆ ಮಾತ್ರೆ ಎಣಿಸಿ ಕೊಡುತ್ತಾಳೆ. ಅಣ್ಣನ ಕಾಯಿಲೆಯನ್ನು ಮುಚ್ಚಿಡಲು ತಮ್ಮ ಗೆಳೆಯರನ್ನು ಮನೆಗೆ ಕರೆಯುವುದಿಲ್ಲ. ತಂಗಿಯ ಮದುವೆಯ ಮಾತು ಬಂದಾಗ ಅಕ್ಕನ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಇವರಿಗೆ ಚಾರ್ಲ್ಸನ ಕಥೆಯನ್ನು ತ್ಯಾಗದ ಆದರ್ಶವಾಗಿ ಹೇಳುವುದು ಸರಿಯಾಗದು. ಅವನಿಗೂ ಗುಟ್ಟು ಕಾಯುವ ಗೆಳೆಯರಿದ್ದರು, ರಜೆ ಕೊಡುವ ಕಚೇರಿಯಿತ್ತು, ಕೆಟ್ಟ ದಿನಗಳಲ್ಲಿ ಅಕ್ಕನನ್ನು ಬಿಟ್ಟುಬರಲು ಒಂದು ಜಾಗವಿತ್ತು. ಪ್ರೀತಿಯ ಜೊತೆಗೆ ಇವೂ ಇದ್ದುದರಿಂದ ಅವನು ನಿಭಾಯಿಸಿದ.

1825ರಲ್ಲಿ ಕಂಪನಿ ಅವನನ್ನು ನಿವೃತ್ತಿಗೊಳಿಸಿದಾಗ ವರ್ಷಕ್ಕೆ 450 ಪೌಂಡ್ ಪಿಂಚಣಿ ಗೊತ್ತುಮಾಡಿತು. ಕೈಗೆ ಬರುತ್ತಿದ್ದದ್ದು ಮಾತ್ರ 441. ಉಳಿದ ಒಂಬತ್ತು ಪೌಂಡ್ ಪ್ರತಿವರ್ಷ ಮುರಿದುಕೊಳ್ಳಲಾಗುತ್ತಿತ್ತು. ತಾನು ತೀರಿಕೊಂಡರೆ ಅಕ್ಕನಿಗೆ ಜೀವನಾಂಶ ಸಿಗಲೆಂದು ಅವನು ಮಾಡಿಕೊಂಡ ಏರ್ಪಾಡು ಅದು.